ರೋಗಕ್ಕೆ ರವಿವಾರ ಐತೇನು? ಬರ್ಗಂಡಿಯ ಹಸಿರು ದಾರಿಯಲ್ಲಿ ಐದು ದಿನ

ತಮ್ಮ ಫ್ರಾನ್ಸಿನ ಲಿಯೋನ್‌ಗೆ, ನನ್ನಲ್ಲಿಗೆ ಬಂದಿಳಿದ ಮರುದಿನವೇ ಹೇಳಿಬಿಟ್ಟ. "ಅಕ್ಕಾ, ಐಫೆಲ್ ಟವರ್ ಎಲ್ಲಿ ಓಡಿ ಹೋಗತೈತಿ, ಅಲ್ಲೇ ಇರತೈತಿ. ಮೊದಲ ಇವರ ದ್ರಾಕ್ಷಿ ತೋರ್ಸು."

ನಮ್ಮ ಮನೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ನಾಲ್ಕು ಎಕರೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಇದೆ. ಬೆಳೆಯೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ಏಪ್ರಿಲ್ ಚಾಟ್ನಿ, ಅಂದರೆ ಗಿಡ ಸವರುವ ಕೆಲಸ, ಮುಗಿಸಿ, ತೋಟ ಅಪ್ಪನಿಗೆ ಒಪ್ಪಿಸಿ, ತಮ್ಮ ಮೊದಲ ಸಲ ವಿಮಾನ ಹತ್ತಿದ್ದ. ಕಾರಿನಲ್ಲಿ ಕರೆದುಕೊಂಡು ಹೋದರೆ ದ್ರಾಕ್ಷಿ ಗಾಜಿನ ಆಚೆ ಓಡಿಹೋಗುತ್ತದೆ, ಅಲ್ವಾ? ಅದಕ್ಕೇ ಸೈಕಲ್. ವೈನಿಗೆ ಹೆಸರಾದ ಬರ್ಗಂಡಿ ಸೀಮೆಯ ದಕ್ಷಿಣದಲ್ಲಿ ಶಾಲೋನ್, ಕ್ಲೂನಿ, ಮಾಕೋನ್ ಊರುಗಳನ್ನು ಜೋಡಿಸುವ ಒಂದು ಸುತ್ತು ಇದೆ. ಹೋಗುವಾಗ ಹಳೆಯ ರೈಲು ದಾರಿ, ಬರುವಾಗ ಸೋನ್ ನದಿಯ ದಂಡೆ. ಒಟ್ಟು ನೂರೈವತ್ತು ಕಿ.ಮೀ. ಆಸುಪಾಸು. ಬಹುಪಾಲು ದಾರಿಯಲ್ಲಿ ಕಾರು, ಲಾರಿ, ಬೈಕು ಏನೂ ಬರುವಂತಿಲ್ಲ. ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ ತುಳಿಯದವನಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿರಲಿಲ್ಲ.

ನನ್ನ ಸೈಕಲ್ ಒಂದು, ಸಹೋದ್ಯೋಗಿಯಿಂದ ಬೇಡಿ ತಂದದ್ದು ಇನ್ನೊಂದು. ಜೂನ್ ಮೊದಲ ಭಾನುವಾರ ಬೆಳಿಗ್ಗೆ ಎರಡನ್ನೂ ಪ್ಯಾಸೆಂಜರ್ ರೈಲಿಗೆ ಏರಿಸಿದೆವು. ಸೈಕಲ್ಲಿಗೆ ದುಡ್ಡು ಕೇಳಲಿಲ್ಲ. ಆದರೆ ಜಾಗ ಕಮ್ಮಿ, ಮುಂಚೆಯೇ ಹೋಗಿ ನಿಂತಿದ್ದು ಒಳ್ಳೆಯದಾಯಿತು.

ಮೊದಲ ದಿನ: ಶಾಲೋನ್‌ನಿಂದ ಬ್ಯುಸ್ಸಿ

ಶಾಲೋನ್ ದಾಟಿ ಜಿವ್ರಿ ಕಡೆ ತಿರುಗಿದ ಹತ್ತು ನಿಮಿಷದಲ್ಲೇ ಮೊದಲ ಅನಾಹುತ. ತಮ್ಮ ಎಡಕ್ಕೆ ಹೋಗುವವನು. ಇಲ್ಲಿ ಎಲ್ಲರೂ ಬಲಕ್ಕೆ. ಎದುರಿಗೆ ಬಂದ ವಯಸ್ಸಾದ ದಂಪತಿ ಒಂದು ಕಡೆ ಹೊರಳಿದರು, ಇವನೂ ಅದೇ ಕಡೆ ಹೊರಳಿದ. ಅಜ್ಜ ಹುಲ್ಲಿಗೆ ಇಳಿದು ನಿಂತ. ಬೈಯುತ್ತಾನೆ ಅಂದುಕೊಂಡೆ. ಅವನು ನಗುತ್ತಾ ಕೇಳಿದ್ದು ಒಂದೇ, "ಇಂಗ್ಲೆಂಡಿನವರಾ?" ಅಲ್ಲಿಂದ ಮುಂದೆ ನಾನು ಹಿಂದಿನಿಂದ "ಬಲಕ್ಕ, ಬಲಕ್ಕ" ಎಂದು ಕೂಗುತ್ತಲೇ ಹೋದೆ, ಬಾಡಿಗೆ ಎತ್ತು ಹೊಡೆಯುವವರ ಹಾಗೆ.

ಜಿವ್ರಿಯಿಂದ ಕ್ಲೂನಿವರೆಗಿನ 44 ಕಿ.ಮೀ. ಫ್ರಾನ್ಸಿನ ಮೊದಲ 'ವುವಾ ವೆರ್ತ್', ಅಂದರೆ ಹಸಿರು ದಾರಿ. ರೈಲು ನಿಂತುಹೋದ ಹಳಿಯ ಜಾಗಕ್ಕೆ ಡಾಂಬರು ಹಾಕಿ 1997ರಲ್ಲಿ ತೆರೆದರು. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಕಡಿದಾದ ಏರು ಇಲ್ಲ. ಏರಿದ್ದೇ ಗೊತ್ತಾಗುವುದಿಲ್ಲ, ಇಳಿಯುವಾಗ ಮಾತ್ರ ಸೈಕಲ್ ತಾನೇ ಓಡಿದಾಗ 'ಓ, ಏರಿದ್ದೆವು' ಅನ್ನಿಸುತ್ತದೆ.

ಜಿವ್ರಿ ಹತ್ತಿರ ದ್ರಾಕ್ಷಿ ಶುರುವಾಯಿತು. ತಮ್ಮ ಬ್ರೇಕ್ ಹಾಕಿ ನಿಂತ. ನಮ್ಮಲ್ಲಿ ದ್ರಾಕ್ಷಿ ಅಂದರೆ ತಲೆಯ ಮೇಲೆ ಚಪ್ಪರ, ಕೆಳಗೆ ನೆರಳು. ಇಲ್ಲಿ ಬುಡ ಮೊಣಕಾಲೆತ್ತರ. ಅದರ ಮೇಲೆ ತಂತಿಯ ನಡುವೆ ಸಿಕ್ಕಿಸಿದ ಚಿಗುರು ಸೊಂಟದವರೆಗೆ.

"ಅಕ್ಕಾ, ಇದೇನ ದ್ರಾಕ್ಷಿ ಹಚ್ಚ್ಯಾರೋ, ಬದನಿಕಾಯಿ ಹಚ್ಚ್ಯಾರೋ?"

ಸಾಲಿನೊಳಗೆ ಒಬ್ಬ ರೈತ ಬಗ್ಗಿ ಎಲೆ ತಿರುಗಿಸಿ ನೋಡುತ್ತಿದ್ದ. ಅರವತ್ತರ ಆಸುಪಾಸು, ತಲೆಗೆ ಮಾಸಿದ ಟೋಪಿ. ಹಿಂದಿನ ದಿನ ಮಳೆ ಬಂದಿತ್ತಂತೆ, ಎಲೆಗೆ ರೋಗ ತಗಲಿದೆಯಾ ಎಂದು ನೋಡುವುದು. ಇಲ್ಲಿ ಮೊದಲು 'ಬೋಂಜೂರ್' ಹೇಳದೆ ಏನನ್ನಾದರೂ ಕೇಳಿದರೆ ಎದುರಿನವರ ಮುಖವೇ ಮುಚ್ಚಿಬಿಡುತ್ತದೆ. ಹೇಳಿದರೆ ಹೀಗೆ, ಮುಕ್ಕಾಲು ಗಂಟೆ. ಭಾನುವಾರವೂ ಕೆಲಸವಾ ಎಂದು ನಾನು ಕೇಳಿದ್ದನ್ನು ತಮ್ಮನಿಗೆ ಕನ್ನಡದಲ್ಲಿ ಹೇಳಿದೆ. ರೈತನ ಉತ್ತರಕ್ಕೂ ಕಾಯದೆ ಅವನೇ ಅಂದ: "ರೋಗಕ್ಕ ರವಿವಾರ ಐತೇನು?" ಅದನ್ನು ಫ್ರೆಂಚಿಗೆ ತಿರುಗಿಸಿದಾಗ ರೈತ ಕೈ ಒರೆಸಿಕೊಂಡು ಬಂದು ತಮ್ಮನ ಕೈ ಕುಲುಕಿದ.

ಆಮೇಲೆ ನಾನು ಬರೀ ದುಭಾಷಿ. ಎಕರೆಗೆ ಎಷ್ಟು ಗಿಡ? ಅವರದು ಹೆಕ್ಟೇರಿನ ಲೆಕ್ಕ, ಎಂಟರಿಂದ ಹತ್ತು ಸಾವಿರ. ಅಂದರೆ ಎಕರೆಗೆ ನಾಲ್ಕು ಸಾವಿರದವರೆಗೆ. ನಮ್ಮಲ್ಲಿ ಸುಮಾರು 900. ತಮ್ಮ ನನ್ನ ಭಾಗಾಕಾರವನ್ನೇ ನಂಬದೆ ಮೊಬೈಲ್ ತೆಗೆದ. ಸಾಲಿಗೂ ಸಾಲಿಗೂ ಒಂದು ಮೀಟರಿನಷ್ಟೇ ಅಂತರ. ಟ್ರ್ಯಾಕ್ಟರ್ ಹೇಗೆ ಹೋಗುತ್ತೆ? ರೈತ ದೂರಕ್ಕೆ ಕೈ ತೋರಿಸಿದ. ಎತ್ತರದ ಕಾಲುಗಳ ಗಾಡಿಯೊಂದು ಸಾಲನ್ನು ಕಾಲುಗಳ ನಡುವೆ ಬಿಟ್ಟುಕೊಂಡು, ಗಿಡದ ಮೇಲೆಯೇ ನಡೆದು ಹೋಗುವಂತೆ ನಿಂತಿತ್ತು. ತಮ್ಮ ಅದರ ಫೋಟೋ ಹನ್ನೊಂದು ತೆಗೆದ.

"ನೀರ ಯಾವಾಗ ಬಿಡತಾರ ಕೇಳು."

ಬಿಡುವುದೇ ಇಲ್ಲ. ಈ ಊರಿನ ಹೆಸರು ಹಾಕಿ ವೈನ್ ಮಾರಬೇಕಾದರೆ ಬೆಳೆಯುವ ತೋಟಕ್ಕೆ ನೀರು ಹಾಯಿಸುವಂತಿಲ್ಲ, ಆಕಾಶ ಕೊಟ್ಟಷ್ಟೇ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಹನಿ ಹನಿ ಗಿಡಕ್ಕೆ ಕುಡಿಸಿದ ತಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹಂಗಾರ ಸಾಲ ಕಮ್ಮಿ ಇರಬೇಕ ಇವರಿಗೆ" ಅಂದ. ಅದನ್ನು ಅನುವಾದಿಸಿದೆ. ರೈತ ಜೋರಾಗಿ ನಕ್ಕು, 2021ರ ಏಪ್ರಿಲ್ ಕಥೆ ಹೇಳಿದ. ಚಿಗುರೊಡೆದ ಮೇಲೆ ಹಿಮ ಬಿತ್ತು. ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಡಬ್ಬಿ ಹಚ್ಚಿ ಕೂತರೂ ಬಹಳಷ್ಟು ಚಿಗುರು ಸುಟ್ಟುಹೋಯಿತು. ತಮ್ಮ ತಲೆ ಆಡಿಸಿದ. ರ‍್ಯಾಕಿನ ಮೇಲೆ ಒಣಗಲು ಹಾಕಿದ ದ್ರಾಕ್ಷಿಗೆ ಮಾರ್ಚ್ ಮಳೆ ಬಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತು.

ಹೊರಡುವ ಮುಂಚೆ ರೈತ ಎಲೆಯ ಮೇಲಿನ ನೀಲಿ ಕಲೆ ತೋರಿಸಿ ಏನೋ ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಕುಣಿದುಬಿಟ್ಟ.

"ಬೋರ್ಡೋ ಅಂದ ಅಕ್ಕಾ! ಬೋರ್ಡೋ!"

ಹೌದು, ಅದೇ. ಮೈಲುತುತ್ತ, ಸುಣ್ಣ, ನೀರು. ನಮ್ಮೂರಲ್ಲಿ ದ್ರಾಕ್ಷಿಗೆ, ಮಲೆನಾಡಿನಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ. ಹೆಸರು ಬಂದಿದ್ದು ಇದೇ ದೇಶದ ಬೋರ್ಡೋ ಊರಿನಿಂದ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ಅಲ್ಲಿನವರು ದಾರಿ ಬದಿಯ ಗಿಡಗಳಿಗೆ ಇದನ್ನು ಬಳಿಯುತ್ತಿದ್ದರಂತೆ. ಬಳಿದ ಗಿಡಕ್ಕೆ ಡೌನಿ ಎಂಬ ಬೂಷ್ಟು ರೋಗ ಬರಲಿಲ್ಲ. ಅದನ್ನು ಗಮನಿಸಿದ ಮಿಲಾರ್ಡೆ ಎಂಬ ಪ್ರೊಫೆಸರ್ 1885ರಲ್ಲಿ ಅದನ್ನು ಪ್ರಕಟಿಸಿದ. ಕಳ್ಳರನ್ನು ಹೆದರಿಸಲು ಹಚ್ಚಿದ್ದು ತಿಕೋಟಾವರೆಗೆ ಬಂತು. ಐದು ದಿನದಲ್ಲಿ ನನ್ನ ಸಹಾಯವಿಲ್ಲದೆ ತಮ್ಮನಿಗೆ ಅರ್ಥವಾದ ಫ್ರೆಂಚ್ ಪದ ಅದೊಂದೇ.

ಆ ದಿನ ಇಪ್ಪತ್ತು ಕಿ.ಮೀ. ತುಳಿದು ಬ್ಯುಸ್ಸಿಯಲ್ಲಿ ನಿಂತೆವು. ಭಾನುವಾರ ಸಂಜೆ ಹಳ್ಳಿಗಳಲ್ಲಿ ಹೋಟೆಲ್ ತೆರೆದಿರುವುದು ಅಪರೂಪ. ಅದಕ್ಕೇ ಊಟವೂ ಸಿಗುವ ಮನೆಯನ್ನು ಮೊದಲೇ ಗೊತ್ತುಮಾಡಿದ್ದೆ. ಮನೆಯಾಕೆ ಚೀಸ್ ಹಾಕಿ ಸುಟ್ಟ ಬಿಸಿ 'ಗೂಜೇರ್' ತಂದಿಟ್ಟಳು. ಚಿಕ್ಕ ಬೋಂಡಾದ ಹಾಗೆ ಉಬ್ಬಿದ್ದವು. ತಮ್ಮ ಆರು ತಿಂದ. ಅದರಲ್ಲಿ ಮೊಟ್ಟೆ ಇರುತ್ತದೆ ಎಂದು ನಾನು ಹೇಳಲಿಲ್ಲ. ಅವನು ಇದನ್ನೆಲ್ಲ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ವೈನ್ ಬಂದಾಗ ಮಾತ್ರ ಗ್ಲಾಸ್ ಎತ್ತಿ ಮೂಸಿ, ನನ್ನ ಕಡೆ ತಳ್ಳಿದ. ಹತ್ತು ಗಂಟೆಗೆ ಮಲಗಿದರೂ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು.

ಎರಡನೇ ದಿನ: ಬ್ಯುಸ್ಸಿಯಿಂದ ಕ್ಲೂನಿ

ದ್ರಾಕ್ಷಿ ಹಿಂದೆ ಸರಿದು ಹುಲ್ಲುಗಾವಲು ಬಂತು. ಶಾರೊಲೇ ತಳಿಯ ಬಿಳಿ ದನಗಳು ಸುಣ್ಣ ಬಳಿದ ಗೋಡೆಯ ಹಾಗೆ ಮಲಗಿದ್ದವು. ಹಳೆಯ ಸ್ಟೇಷನ್ನುಗಳು ಹಾಗೇ ಇವೆ. ಗೋಡೆಯ ಮೇಲೆ ಊರಿನ ಹೆಸರು, ಪ್ಲಾಟ್‌ಫಾರ್ಮಿನ ಅಂಚು, ಹಳಿ ಮಾತ್ರ ಇಲ್ಲ. ಒಂದು ಕಡೆ ತಮ್ಮ ಪ್ಲಾಟ್‌ಫಾರ್ಮಿನ ಮೇಲೆ ಕೂತು "ಬಾಗಲಕೋಟಿ ಗಾಡಿ ಎಷ್ಟೊತ್ತಿಗೆ?" ಅಂದ. ನಿಜ ಹೇಳಬೇಕೆಂದರೆ ಅವನಿಗೆ ಕೂರಲು ಒಂದು ನೆಪ ಬೇಕಿತ್ತು. ಸೀಟಿನ ನೋವು ಎರಡನೇ ದಿನವೇ ಜಾಸ್ತಿ. ಮೂರನೇ ದಿನಕ್ಕೆ ಕಮ್ಮಿ ಎಂದು ಸಮಾಧಾನ ಹೇಳಿದೆ.

ನೀರು ಮುಗಿದಾಗ ಸ್ಮಶಾನಕ್ಕೆ ಕರೆದೊಯ್ದೆ. ಹೂಕುಂಡಗಳಿಗೆಂದು ಇಲ್ಲಿನ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸೈಕಲ್‌ನವರೆಲ್ಲ ಅಲ್ಲೇ ಬಾಟಲಿ ತುಂಬಿಕೊಳ್ಳುತ್ತಾರೆ. 'ನೋನ್ ಪೊತಾಬ್ಲ್' ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು. ತಮ್ಮ ಗೇಟಿನ ಹೊರಗೇ ನಿಂತ. "ನೀ ತಗೊಂಡ ಬಾ, ನನಗ ನೀರಡಿಕಿ ಇಲ್ಲ." ಹತ್ತು ನಿಮಿಷದ ನಂತರ ನನ್ನ ಬಾಟಲಿಯಿಂದ ಗಟಗಟ ಕುಡಿದ.

ತೇಜೆ ಎಂಬ ಹಳ್ಳಿ ದಾರಿಯಿಂದ ಸ್ವಲ್ಪ ಮೇಲೆ, ಗುಡ್ಡದ ಮೇಲಿದೆ. 1940ರಲ್ಲಿ ಬ್ರದರ್ ರೊಜೆ ಎಂಬುವರು ಅಲ್ಲಿ ನೆಲೆಸಿ, ಮುಂದೆ ಬೇರೆ ಬೇರೆ ಪಂಗಡದ ಕ್ರೈಸ್ತರು ಒಟ್ಟಿಗೆ ಇರುವ ಒಂದು ಮಠವಾಯಿತು. ಈಗ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ವಾರಗಟ್ಟಲೆ ಇರುತ್ತಾರೆ. ಸೈಕಲ್ ತಳ್ಳಿಕೊಂಡು ಏರುವಾಗಲೇ ಗಂಟೆಗಳು ಶುರುವಾದವು. ಮಧ್ಯಾಹ್ನದ ಪ್ರಾರ್ಥನೆಗೆ ಹೋಗಿ ಹಿಂದೆ ನೆಲದ ಮೇಲೆ ಕೂತೆವು. ಒಂದೇ ಎರಡು ಸಾಲು. ಅದನ್ನೇ ಮತ್ತೆ ಮತ್ತೆ, ಮೆತ್ತಗೆ, ನೂರಾರು ದನಿ ಸೇರಿಸಿ ಹಾಡುತ್ತಾರೆ. ನಾಲ್ಕನೇ ಸುತ್ತಿಗೆ ತಮ್ಮನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಹೊರಗೆ ಬಂದು "ಭಜನಿ ಇದ್ದಂಗ ಐತಿ. ತಾಳ ಇಲ್ಲ, ಅಷ್ಟೇ" ಅಂದ.

ಭಜನೆಗೆ ಕೂತದ್ದಕ್ಕೆ ಬೆಲೆ ತೆತ್ತೆವು. ಕ್ಲೂನಿ ತಲುಪಿದಾಗ ಎರಡೂಕಾಲು. ಇಲ್ಲಿ ಹನ್ನೆರಡರಿಂದ ಎರಡರ ಒಳಗೆ ಊಟಕ್ಕೆ ಕೂತರೆ ಸರಿ, ಆಮೇಲೆ ಅಡುಗೆಮನೆ ಬಂದ್. ಎರಡು ಕಡೆ ಕೇಳಿದೆ, ಎರಡೂ ಕಡೆ ಮರ್ಯಾದೆಯಿಂದ ಇಲ್ಲ ಅಂದರು. ಸೋಮವಾರ ಬೇರೆ, ಹೋದ ಬೇಕರಿಗಳೂ ಮುಚ್ಚಿದ್ದವು. ಆರು ವರ್ಷದಿಂದ ಈ ದೇಶದಲ್ಲಿರುವ ನಾನು ಇದನ್ನು ಮರೆತದ್ದು ನಾಚಿಕೆಗೇಡು. ತಮ್ಮ ಏನೂ ಮಾತಾಡದೆ ಬ್ಯಾಗಿನ ತಳದಿಂದ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ ತೆಗೆದ. ಜೊತೆಗೆ ಶೇಂಗಾ ಹಿಂಡಿ. ಅವ್ವ ಕಟ್ಟಿ ಕೊಟ್ಟಿದ್ದು. ನನ್ನ ಹತ್ತಿರ ಬೆಳಿಗ್ಗೆ ಕೊಂಡ ಮೇಕೆ ಹಾಲಿನ ಪುಟ್ಟ ಚೀಸ್ ಇತ್ತು, ಮಾಕೋನ್ ಸೀಮೆಯದು, ಹೆಬ್ಬೆರಳು ದಪ್ಪದ್ದು. ರೊಟ್ಟಿಗೆ ಚೀಸ್ ಸವರಿ ಮೇಲೆ ಹಿಂಡಿ ಉದುರಿಸಿದೆವು. ಆಹಾ! ಇದನ್ನು ಯಾರಾದರೂ ಹೋಟೆಲಿನಲ್ಲಿ ಮಾಡಿದರೆ ನಾನು ದಿನಾ ಹೋಗುತ್ತೇನೆ.

ನಾವು ಒರಗಿ ಕೂತಿದ್ದು ಕ್ಲೂನಿ ಮಠದ ಗೋಡೆಗೆ. 910ರಲ್ಲಿ ಸ್ಥಾಪನೆಯಾದ ಮಠ. ಆಮೇಲೆ ಇಲ್ಲಿ ಎದ್ದ ದೊಡ್ಡ ಚರ್ಚು 187 ಮೀಟರ್ ಉದ್ದವಿತ್ತು. ರೋಮಿನ ಸಂತ ಪೀಟರ್ ಚರ್ಚನ್ನು ಹೊಸದಾಗಿ ಕಟ್ಟುವವರೆಗೂ ಕ್ರೈಸ್ತ ಲೋಕದಲ್ಲಿ ಇದೇ ದೊಡ್ಡದು. ಫ್ರೆಂಚ್ ಕ್ರಾಂತಿಯ ನಂತರ ಇದನ್ನು ಮಾರಿದರು, ಕೊಂಡವರು ಕಲ್ಲಿಗಾಗಿ ಒಡೆದರು. ಈಗ ಉಳಿದಿರುವುದು ಒಂದು ಪಕ್ಕದ ತೋಳು, ಗೋಪುರ, ಅಷ್ಟಿಷ್ಟು. ಕಂಬಗಳ ಬುಡ ಮಾತ್ರ ಇರುವ ಬಯಲಿನಲ್ಲಿ ತಮ್ಮ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಹಾಕಿ ಅಳೆದ. ವಿಜಯಪುರದವರಿಗೆ ಇಂಥ ಕಡೆ ಬಾರಾಕಮಾನ್ ನೆನಪಾಗದೆ ಇರುತ್ತದಾ? "ಅದು ಕಟ್ಟಲಾರದ ಬಿಟ್ಟದ್ದು. ಇದು ಕಟ್ಟಿ ಕೆಡವಿದ್ದು. ನಮ್ಮದ ವಾಸಿ" ಅಂದ.

ಮೂರನೇ ದಿನ: ಕ್ಲೂನಿಯಿಂದ ಮಾಕೋನ್

ಈ ದಿನದ ವಿಶೇಷ ಬ್ವಾ ಕ್ಲೇರ್ ಸುರಂಗ. ರೈಲಿಗಾಗಿ ಕೊರೆದದ್ದು, 1.6 ಕಿ.ಮೀ. ಉದ್ದ. ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ ಎಂದು ಮುಚ್ಚುತ್ತಾರೆ, ಆಗ ಗುಡ್ಡ ಹತ್ತಿ ಇಳಿಯಬೇಕು. ಹೊರಗೆ ಬಿಸಿಲು ಸುಡುತ್ತಿತ್ತು. ಸುರಂಗದ ಬಾಯಿಗೆ ಬರುತ್ತಿದ್ದಂತೆ ಮುಖಕ್ಕೆ ನೆಲಮಾಳಿಗೆಯ ತಂಪು ಹೊಡೆಯಿತು. ಜಾಕೆಟ್ ಬ್ಯಾಗಿನ ಅಡಿಯಲ್ಲಿತ್ತು, ತೆಗೆಯಲು ಸೋಮಾರಿತನ. ಆಚೆ ಬರುವಷ್ಟರಲ್ಲಿ ಹಲ್ಲು ಕಟಕಟ. ಜಾಕೆಟ್ ಮೇಲೆಯೇ ಇರಲಿ, ದೀಪವೂ ಇರಲಿ. ಒಳಗೆ ತಮ್ಮ "ಹೋ" ಎಂದು ಕೂಗಿದ, ಗೋಳಗುಮ್ಮಟದ ಅಭ್ಯಾಸ. ಏಳು ಸಲ ಬರಲಿಲ್ಲ. ಎದುರಿಗೆ ಬರುತ್ತಿದ್ದ ಯಾರೋ ತಿರುಗಿ "ಹೋ" ಅಂದರು.

ಸುರಂಗದ ಆಚೆ ಇಳಿಜಾರು, ಮತ್ತೆ ದ್ರಾಕ್ಷಿ. ಬೆಟ್ಟದ ತುದಿಗೆ ಬೆರ್ಜೆ ಕೋಟೆ. ಹೂ ಬಿಡುವ ಕಾಲ. ದ್ರಾಕ್ಷಿ ಹೂವು ಕಣ್ಣಿಗೆ ಬೀಳುವುದೇ ಕಷ್ಟ, ರಾಗಿ ಕಾಳಿನಂಥ ಹಸಿರು ಮೊಗ್ಗು. ಹೂ ಬಿಟ್ಟ ದಿನದಿಂದ ನೂರು ದಿನ ಎಣಿಸಿದರೆ ಕೊಯ್ಲು ಎಂದು ಇಲ್ಲಿನವರ ಲೆಕ್ಕ. "ನಾವು ಚಾಟ್ನಿ ಮಾಡಿದ ದಿನದಿಂದ ಎಣಸತೀವಿ" ಎಂದು ತಮ್ಮ. ಇಲ್ಲಿ ಸವರುವುದು ಚಳಿಗಾಲದಲ್ಲಿ ಒಮ್ಮೆ. ನಮ್ಮಲ್ಲಿ ಏಪ್ರಿಲ್, ಅಕ್ಟೋಬರ್ ಎರಡು ಸಲ. ಗಿಡಕ್ಕೆ ನಾಲ್ಕು ತಿಂಗಳು ನಿದ್ದೆ ಸಿಗುವುದನ್ನು ಕೇಳಿ ಅವನಿಗೆ ಗಿಡದ ಮೇಲೆ ಹೊಟ್ಟೆಕಿಚ್ಚೇ ಬಂತು.

ಕೆಲವು ಸಾಲುಗಳ ತುದಿಗೆ ಒಂದೊಂದು ಗುಲಾಬಿ ಗಿಡ. ಚಂದಕ್ಕೆ ಅಂದುಕೊಂಡಿದ್ದೆ. ದಾರಿಯಲ್ಲಿ ನಾಯಿ ಜೊತೆ ನಡೆಯುತ್ತಿದ್ದ ಹೆಂಗಸು ಹೇಳಿದಳು: ಬೂದಿ ರೋಗ ಗುಲಾಬಿಗೆ ಮೊದಲು ತಗಲುತ್ತದೆ, ನೋಡಿ ಎಚ್ಚರವಾಗಲಿ ಎಂದು ಹಿಂದಿನವರು ನೆಟ್ಟದ್ದು. ಈಗ ಬಹಳ ಮಟ್ಟಿಗೆ ಚಂದಕ್ಕೇ. ತಮ್ಮ ಇದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ.

ಮಾಕೋನ್ ಹತ್ತಿರವಾದಾಗ ಬಲಗಡೆ ಸೊಲ್ಯೂತ್ರೆ ಬಂಡೆ ಕಾಣಿಸಿತು, ಹಡಗಿನ ಮೂತಿಯ ಹಾಗೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಮಿತ್ತೆರಾಂ ಪ್ರತಿ ವರ್ಷ ಹತ್ತುತ್ತಿದ್ದ ಬಂಡೆ ಅದು. ನಾವೂ ಹತ್ತಬೇಕೆಂದಿದ್ದೆವು. ಕಾಲುಗಳು ಬೇಡವೆಂದವು. ಕೆಳಗೆ ಚೆರಿ ಹಣ್ಣು ಕೊಂಡು ತಿನ್ನುತ್ತಾ ನೋಡಿದೆವು, ಅಷ್ಟೇ.

ರಾತ್ರಿ ಒಂದು ಸಣ್ಣ ಪ್ರಸಂಗ. ತಮ್ಮನಿಗೆ ಬಿಸಿ ಮೇಕೆ ಚೀಸಿನ ಸಲಾಡ್ ಹೇಳಿದೆ. ಪಟ್ಟಿಯಲ್ಲಿ ಬರೀ ಚೀಸ್, ಸೊಪ್ಪು ಎಂದಿತ್ತು. ಬಂದಾಗ ಮೇಲೆಲ್ಲ ಹಂದಿಮಾಂಸದ ಚೂರು. ಇಲ್ಲಿ ಅದನ್ನು ಮಾಂಸ ಎಂದೇ ಲೆಕ್ಕ ಹಾಕುವುದಿಲ್ಲವೇನೋ, ಒಗ್ಗರಣೆ ಇದ್ದ ಹಾಗೆ. 'ಸಾಂ ಲಾರ್ದೋಂ', ಅಂದರೆ ಹಂದಿ ಚೂರು ಬೇಡ, ಎಂದು ಮೊದಲೇ ಹೇಳಬೇಕಿತ್ತು. ತಟ್ಟೆ ಬದಲಾಗಿ ಬಂತು. ತಮ್ಮ ಮಾತ್ರ ಬ್ರೆಡ್ ಬಿಟ್ಟು ಬೇರೆ ಮುಟ್ಟಲಿಲ್ಲ. ರೂಮಿಗೆ ಹೋಗಿ ರೊಟ್ಟಿ ಎಣಿಸಿದ. ಐದು ಉಳಿದಿದ್ದವು.

ನಾಲ್ಕನೇ ದಿನ: ಮಾಕೋನ್‌ನಿಂದ ತುರ್ನ್ಯೂ

ಇಲ್ಲಿಂದ ಉತ್ತರಕ್ಕೆ, ಸೋನ್ ನದಿಯ ದಂಡೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ. ಸಮತಟ್ಟು. ಬಲಕ್ಕೆ ನೀರು, ಎಡಕ್ಕೆ ಹುಲ್ಲು, ಅಲ್ಲಲ್ಲಿ ಕೊಕ್ಕರೆ. ಚಳಿಗಾಲದಲ್ಲಿ ನದಿ ಉಕ್ಕಿದರೆ ದಾರಿಯ ಮೇಲೆಯೇ ಬರುತ್ತದೆ, ಆಗ ಇತ್ತ ಬರುವುದು ವ್ಯರ್ಥ. ಈ ನದಿ ಯಾವ ಕಡೆ ಹರಿಯುತ್ತಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ ಎಂದು ಜೂಲಿಯಸ್ ಸೀಸರನೇ ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷ ಕಳೆದರೂ ಹಾಗೇ ಇದೆ. ತಮ್ಮ ಕಡ್ಡಿ ಎಸೆದು ನೋಡಿದ. ಕಡ್ಡಿ ಯೋಚನೆ ಮಾಡುತ್ತಾ ನಿಂತಿತು.

ನದಿಗೆ ದಿಕ್ಕಿಲ್ಲದಿದ್ದರೂ ಗಾಳಿಗೆ ಇತ್ತು. 'ಬೀಜ್' ಎಂಬ ಬಡಗಣ ಗಾಳಿ, ನೇರ ಎದೆಗೆ. ಸುತ್ತನ್ನು ತಿರುವುಮುರುವು ಮಾಡಿ, ನದಿಯನ್ನು ದಕ್ಷಿಣಕ್ಕೆ ಇಳಿದಿದ್ದರೆ ಇದೇ ಗಾಳಿ ಬೆನ್ನಿಗೆ ಬರುತ್ತಿತ್ತು. ಯೋಜನೆ ನನ್ನದೇ, ಬೈಯಲು ಬೇರೆ ಯಾರೂ ಇರಲಿಲ್ಲ. ಗಂಟೆಗೆ ಹತ್ತು ಕಿ.ಮೀ. ಕೂಡ ಆಗಲಿಲ್ಲ.

ಅದರ ಮಧ್ಯೆ ಪಂಕ್ಚರ್, ತಮ್ಮನ ಹಿಂದಿನ ಚಕ್ರ. ಪ್ಯಾಚ್ ಡಬ್ಬಿ ತೆಗೆದರೆ ಅಂಟು ಒಣಗಿ ಕಲ್ಲಾಗಿತ್ತು. ಊರು ಬಿಡುವ ಮುಂಚೆ ಒಮ್ಮೆ ಒತ್ತಿ ನೋಡಿದ್ದರೆ ಸಾಕಿತ್ತು. ಸ್ವಲ್ಪ ದೂರದಲ್ಲಿ ಉದ್ದನೆಯ ಹಳೇ ದೋಣಿಯೊಂದು ಲಂಗರು ಹಾಕಿತ್ತು, ಮೇಲೆ ಟೊಮ್ಯಾಟೊ ಕುಂಡ, ಒಣಹಾಕಿದ ಬಟ್ಟೆ. ನೆದರ್ಲೆಂಡ್ಸಿನ ಗಂಡ ಹೆಂಡತಿ, ಬೇಸಿಗೆಯೆಲ್ಲ ದೋಣಿಯಲ್ಲೇ ಮನೆ. ಅಂಟು ಕೊಟ್ಟರು, ಕಾಫಿಯನ್ನೂ ಕೊಟ್ಟರು. ತೂತು ಹುಡುಕಲು ಆತ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ತಮ್ಮ ಟ್ಯೂಬಿಗೆ ಗಾಳಿ ತುಂಬಿ, ಸೋನ್ ನೀರಿನಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಬೆರಳಿಟ್ಟಿದ್ದ. ತಿಕೋಟಾ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯಲ್ಲಿ ಕಲಿತದ್ದು. ಸೈಕಲ್ ದೇಶದವನೇ ಚಪ್ಪಾಳೆ ತಟ್ಟಿದ. ತಮ್ಮ ಕಾಫಿಗೆ ಸಕ್ಕರೆ ಕೇಳಿದ.

ಎಡಗಡೆ ದೂರದ ಗುಡ್ಡಗಳಲ್ಲಿ ಶಾರ್ದೊನೆ ಎಂಬ ಹಳ್ಳಿಯೂ ಇದೆ, ಒಂದು ವೈನ್ ದ್ರಾಕ್ಷಿಯ ತಳಿಗೂ ಅದೇ ಹೆಸರು. ಗಾಳಿ ಇಲ್ಲದಿದ್ದರೆ ಹೋಗುತ್ತಿದ್ದೆವು. ತುರ್ನ್ಯೂ ಸೇರಿದಾಗ ಸಂಜೆ ಏಳು. ಸಂತ ಫಿಲಿಬೇರ್ ಚರ್ಚಿನೊಳಗೆ ಸುಮ್ನೆ ಕೂತೆವು. ಹನ್ನೊಂದನೇ ಶತಮಾನದ ಕಟ್ಟಡ. ಗುಂಡನೆಯ ದಪ್ಪ ಕಂಬಗಳು, ಗುಲಾಬಿ ಬಣ್ಣದ ಕಲ್ಲು. ಚಿತ್ತಾರ ಕಮ್ಮಿ. ಗಾಳಿಯ ಸದ್ದು ಕಿವಿಯಿಂದ ಇಳಿಯಲು ಅರ್ಧ ಗಂಟೆ ಬೇಕಾಯಿತು.

ಐದನೇ ದಿನ: ಮತ್ತೆ ಶಾಲೋನ್

ಗಾಳಿ ನಿಂತಿತ್ತು. ಮೂವತ್ತು ಚಿಲ್ಲರೆ ಕಿ.ಮೀ. ಹಾಡು ಹೇಳಿಕೊಂಡು ಮುಗಿಸಿದೆವು. ತಮ್ಮ ಈಗ ತಾನಾಗಿಯೇ ಬಲಕ್ಕೆ ಹೋಗುತ್ತಿದ್ದ. ಊರಿಗೆ ಹೋದ ಮೇಲೆ ಇದೇ ಕಷ್ಟವಾದೀತು ಎಂದು ನನಗೆ ಹೊಸ ಚಿಂತೆ.

ರೈಲಿಗೆ ಎರಡು ಗಂಟೆ ಇತ್ತು. ಶಾಲೋನ್‌ನಲ್ಲಿ ನದಿ ದಂಡೆಯ ಮೇಲೆಯೇ ನಿಯೆಪ್ಸ್ ಹೆಸರಿನ ಫೋಟೋ ಮ್ಯೂಸಿಯಂ ಇದೆ. ಈ ಊರಿನಲ್ಲಿ 1765ರಲ್ಲಿ ಹುಟ್ಟಿದ ಆತ, ಹತ್ತಿರದ ಹಳ್ಳಿಯ ಮನೆಯ ಕಿಟಕಿಯಿಂದ 1827ರ ಸುಮಾರಿಗೆ ತೆಗೆದ ಚಿತ್ರವೇ ಇಂದು ಉಳಿದಿರುವ ಅತಿ ಹಳೆಯ ಫೋಟೋ. ಅದಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. ತಮ್ಮ ಐದು ದಿನದಲ್ಲಿ 640 ಫೋಟೋ ತೆಗೆದಿದ್ದ. ರೈಲಿನಲ್ಲಿ ತೋರಿಸಿದ. ಎಲೆ, ಬುಡ, ತಂತಿ ಕಟ್ಟಿದ ಗಂಟು, ಟ್ರ್ಯಾಕ್ಟರ್. ನಾನಿದ್ದದ್ದು ಮೂರರಲ್ಲಿ. ಒಂದರಲ್ಲಿ ಬರೀ ಹೆಲ್ಮೆಟ್.

ಪ್ಯಾರಿಸ್ ನೋಡಲು ಆಗಲೇ ಇಲ್ಲ. ಊರಿಗೆ ಹೋಗಿ ಒಂದು ತಿಂಗಳಿಗೆ ವಾಟ್ಸಾಪಿನಲ್ಲಿ ಅವನ ದನಿ ಬಂತು: "ಅಕ್ಕಾ, ಸಾಲಿನ ತುದಿಗೆಲ್ಲ ಗುಲಾಬಿ ಹಚ್ಚೀನಿ. ಅಪ್ಪ ಬೈಲಿಕ್ಕ ಹತ್ಯಾನ." ಮತ್ತೆ ಹದಿನೈದು ದಿನಕ್ಕೆ ಇನ್ನೊಂದು: "ಆಡು ತಿಂದ್ವು."